ಬೇವಿನಕುಂಟೆಯ ದೀಪದ ಸಾಲು

2011ರ ಜೂನ್ ಏಳು, ಮಂಗಳವಾರ ಬೆಳಿಗ್ಗೆ ದೇವನಹಳ್ಳಿ ಠಾಣೆಗೆ ಇಬ್ಬರು ಹೆಂಗಸರು ಬಂದರು. ಒಬ್ಬರು ಶಶಿರೇಖಾ, ಹಳ್ಳಿಗಳ ಹಳೆಯ ಫೋಟೊಗಳನ್ನು ಕಂಪ್ಯೂಟರಿನಲ್ಲಿ ಕೂಡಿಡುವ ಟ್ರಸ್ಟೊಂದರ ಮೇಲ್ವಿಚಾರಕಿ. ಇನ್ನೊಬ್ಬರು ಪಿಳ್ಳಮ್ಮ, ವಿಮಾನ ನಿಲ್ದಾಣಕ್ಕೆಂದು ಒಕ್ಕಲೆಬ್ಬಿಸಿದ ಬೇವಿನಕುಂಟೆ ಊರಿನವರು.

"ಏನು ಕಳುವಾಗಿದೆ?" ಇನ್ಸ್‌ಪೆಕ್ಟರ್ ಆದಿನಾರಾಯಣಪ್ಪ ಕೇಳಿದರು.

"ಬೇವಿನಕುಂಟೆ ಫೋಟೊಗಳು ಸರ್, ಪೂರ್ತಿ," ಎಂದರು ಶಶಿರೇಖಾ. "ಎಷ್ಟು ಹುಡುಕಿದ್ರೂ ಒಂದೂ ಸಿಗ್ತಿಲ್ಲ."

"ನಮ್ಮ ಯಜಮಾನ್ರುದು ಒಂದೇ ಒಂದು ಪಟ ಇದ್ದುದ್ದು ಸ್ವಾಮಿ," ಎಂದರು ಪಿಳ್ಳಮ್ಮ. "ಹೋದೊರ್ಸ ಮಳೇಲಿ ನೆಂದು ಹಾಳಾಯ್ತು. ಈಗ ಈಯಮ್ಮನ ಕಂಪ್ಯೂಟ್ರಲ್ಲಿ ಇದ್ರೆ ಐತೆ, ಇಲ್ದಿದ್ರೆ ಇಲ್ಲ."

ಎಫ್‌ಐಆರ್ ದಾಖಲಾಯಿತು. ಐಟಿ ಕಾಯ್ದೆಯ ಪ್ರಕರಣವನ್ನು ಇನ್ಸ್‌ಪೆಕ್ಟರೇ ತನಿಖೆ ಮಾಡಬೇಕು. ಆದಿನಾರಾಯಣಪ್ಪ ಕಾನ್‌ಸ್ಟೆಬಲ್ ಕೀರ್ತನಾಳನ್ನು ಕರೆದುಕೊಂಡು ಹೊರಟರು. ಒಂದೇ ಊರಿನ ಫೋಟೊಗಳು ಮಾತ್ರ ಹೋಗಿದ್ದರಿಂದ ಕಳ್ಳ ಹೊರಗಿನವನಲ್ಲ ಎಂದು ಅವರಿಗೆ ಜೀಪು ಹತ್ತುವಾಗಲೇ ಅನಿಸಿತ್ತು.

ಕಚೇರಿಯಲ್ಲಿ ಶಶಿರೇಖಾ ವಿವರಿಸಿದರು. ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ ಮೂರು ಕೇಂದ್ರಗಳ ಸಂಗ್ರಹವೂ ಒಂದೇ. ಪ್ರತಿ ಫೋಟೊಗೂ ಊರು, ವರ್ಷ, ಸಂದರ್ಭ ಎಂದು ಹಣೆಪಟ್ಟಿ ಹಚ್ಚಬೇಕು, ಮೂರು ಕಡೆಯೂ ಅವೇ ಪದಗಳಿರಬೇಕು. ಹಣೆಪಟ್ಟಿ ಕಳಚಿದ ಫೋಟೊ ಸಂತೆಯಲ್ಲಿ ಕೈತಪ್ಪಿದ ಮಗು. ಅಲ್ಲೇ ಇರುತ್ತದೆ, ಕಣ್ಣಿಗೆ ಬೀಳುವುದಿಲ್ಲ.

"ಬೇವಿನಕುಂಟೆಗೆ ಊರಿನ ಹೆಸರು ಏನಂತ ಹಾಕಿದ್ರಿ?"

"'ವಿಮಾನ ನಿಲ್ದಾಣ ಪ್ರದೇಶ' ಅಂತ ಸರ್. ಈಗ ಇರೋ ಊರುಗಳ ಹೆಸರು ಮಾತ್ರ ಹಾಕ್ಬೇಕು ಅಂತ ನಿಯಮ."

ಆದಿನಾರಾಯಣಪ್ಪನವರಿಗೆ ಆ ಮಾತು ಹಿಡಿಸಲಿಲ್ಲ. ಆದರೆ ಹಿಡಿಸದ ಮಾತಿಗೆಲ್ಲ ಸೆಕ್ಷನ್ ಇಲ್ಲ.

ಮಧ್ಯಾಹ್ನದ ಹೊತ್ತಿಗೆ ಕೀರ್ತನಾ ಕಂಪ್ಯೂಟರಿನಿಂದ ತಲೆಯೆತ್ತಿದಳು. "ಸರ್, ಒಂದು ಫೋಟೊನೂ ಹೋಗಿಲ್ಲ. ಎಲ್ಲಾ ಇಲ್ಲೇ ಇದೆ."

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲಾ ಹುಡುಕಿದ ಹಾಗಾಗಿತ್ತು. ಯಾರೋ ಭಾನುವಾರ ಹಳೆಯ ಹಣೆಪಟ್ಟಿಗಳನ್ನೆಲ್ಲ ಕಿತ್ತು, ಮನೆ ಒಂದು, ಮನೆ ಎರಡು ಎಂದು ಹೊಸದಾಗಿ ಜೋಡಿಸಿದ್ದರು. ಫೋಟೊ ಕೊಟ್ಟವರ ಹೆಸರು ಮಾತ್ರ ಕಾಣುತ್ತಿತ್ತು; ಚಿತ್ರ ತೆರೆಯಹೋದರೆ ಹೊಸ ಪಾಸ್‌ವರ್ಡ್ ಕೇಳುತ್ತಿತ್ತು. ಒಳಹೊಕ್ಕಿದ್ದು ಶಶಿರೇಖಾ ಅವರದೇ ಪಾಸ್‌ವರ್ಡಿನಿಂದ. ಅದನ್ನವರು ಚೀಟಿಯಲ್ಲಿ ಬರೆದು ಮಾನಿಟರಿಗೇ ಅಂಟಿಸಿದ್ದರು. ಬೀಗ ಹಾಕಿ ಕೀಲಿಯನ್ನು ಬಾಗಿಲಿಗೇ ನೇತುಹಾಕಿದ ಮೇಲೆ ಯಾರನ್ನು ಅನುಮಾನಿಸುವುದು?

ಇನ್ಸ್‌ಪೆಕ್ಟರ್ ಮನೆಗಳ ಸಾಲನ್ನು ಮತ್ತೆ ಮತ್ತೆ ಓದಿದರು. ಅದು ಅಕಾರಾದಿಯಲ್ಲ, ಬೀದಿಯ ಕ್ರಮವೂ ಅಲ್ಲ. ಗೌಡರ ಮನೆಯಿಂದ ಕುಂಬಾರರ ಮನೆಗೆ ಹಾರುತ್ತಿತ್ತು. ಅವರ ಸ್ವಂತ ಊರಿನಲ್ಲೂ ಮಾರಮ್ಮನಿಗೆ ತಂಬಿಟ್ಟಿನ ದೀಪ ಹೊರುವಾಗ ಹೀಗೇ, ಯಾರ ಮನೆಯ ಹಿಂದೆ ಯಾರ ಮನೆಯ ದೀಪ ಎಂಬುದನ್ನು ಯಾರೂ ದಾಟುವಂತಿಲ್ಲ. ಅವರು ಪಿಳ್ಳಮ್ಮನನ್ನು ಕರೆಸಿದರು.

"ಅಜ್ಜಿ, ನಿಮ್ಮೂರಲ್ಲಿ ದೀಪದ ಸಾಲು ಹೆಂಗಿತ್ತು?"

"ಮೊದ್ಲು ಗೌಡ್ರು ಬೈರಪ್ಪನೋರ್ದು, ಆಮೇಲೆ ಕುಂಬಾರ್ರ ಗಂಗಲಕ್ಷ್ಮಮ್ಮಂದು, ಆಮೇಲೆ ನಮ್ದು."

"ಇಲ್ಲಿ ಮೂರನೇದು ಅಮ್ಮಯಮ್ಮನ ಮನೆ ಅಂತಿದೆಯಲ್ಲ?"

ಪಿಳ್ಳಮ್ಮನ ಮುಖ ಗಂಟಿಕ್ಕಿತು. "ಹೊಲದ ಬದಿನ ಜಗಳದಾಗೆ ಊರೋರು ಅವರ ದೀಪ ನಿಲ್ಸಿ ಯಾವ ಕಾಲ ಆಯ್ತು. ಆವಾಗ್ಲೇ ನಮ್ದು ಮೂರ್ನೇದಾಗಿದ್ದು. ಅಂಗೆ ಎಣಿಸೋರು ಆ ಮನೆಯೋರು ಬಿಟ್ರೆ ಇನ್ಯಾರಿಲ್ಲ."

"ಆ ಮನೆಯೋರು ಯಾರಿದ್ದಾರೆ ಈಗ?"

"ಅಮ್ಮಯಮ್ಮ ಹೋದ್ಲು. ಮೊಮ್ಮಗ ಮಂಜೇಶ ಒಬ್ಬ ಅವ್ನೆ, ನೆಲಮಂಗ್ಲದ ಕಡೆ."

ಶಶಿರೇಖಾ ಬೆಚ್ಚಿ ನೋಡಿದರು. ಹಣೆಪಟ್ಟಿ ಹಚ್ಚುವ ಕೆಲಸದ ಮಂಜೇಶ್ ದಿನವೂ ನೆಲಮಂಗಲದಿಂದಲೇ ಬಸ್ಸಿನಲ್ಲಿ ಬರುತ್ತಿದ್ದ. ಊರು ಯಾವುದೆಂದು ಅವನು ಹೇಳಿರಲಿಲ್ಲ, ಇವರೂ ಕೇಳಿರಲಿಲ್ಲ.

ಒಳಕೋಣೆಯಿಂದ ಕರೆಸಿದಾಗ ಅವನು, "ನಾನೇನೂ ಅಳಿಸಿಲ್ಲ ಸಾರ್," ಎಂದ. ಅಳಿಸಿದ ಮಾತನ್ನು ಯಾರೂ ಎತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ.

"ಯಾಕೆ ಮಾಡ್ದೆ?"

"ಜಗಳಕ್ಕೆ ಊರು ನಮ್ಮನೇನ ಸಾಲಿಂದ ತೆಗೀತು ಸಾರ್. ನಮ್ಮಜ್ಜಿ ಅದೇ ಕೊರಗಲ್ಲೇ ಸತ್ತೋಯ್ತು. ಈಗ ಇವ್ರು ಊರನ್ನೇ ತೆಗೆದ್ರು. ಹೆಸರು ಸೇರ್ಸಿ ಅಂತ ಎಷ್ಟು ಸಲ ಕೇಳ್ಕೊಂಡೆ. ಮೂರು ಕೇಂದ್ರಕ್ಕೂ ಒಂದೇ ನಿಯಮ ಅಂದ್ರು. ಹೆಸರು ಸೇರ್ಸೋವರ್ಗೂ ಯಾರೂ ತೆಗೀಬಾರ್ದು ಅಂತ ಬೀಗ ಹಾಕ್ದೆ."

"ಅದಕ್ಕೆ ಈಯಮ್ಮನ ಗಂಡನ ಪಟಕ್ಕೆ ಬೀಗ ಹಾಕ್ದಾ?"

ಮಂಜೇಶ್ ಪಿಳ್ಳಮ್ಮನತ್ತ ನೋಡಲಾರದೆ ಪಾಸ್‌ವರ್ಡ್ ಒತ್ತಿದ. ಇನ್ನೊಬ್ಬರ ಪಾಸ್‌ವರ್ಡ್ ಬಳಸಿ ಒಳಹೊಕ್ಕಿದ್ದಕ್ಕೆ ಐಟಿ ಕಾಯ್ದೆಯ ಸೆಕ್ಷನ್ 66 ಮತ್ತು 66ಸಿ ಅಡಿಯಲ್ಲಿ ಅವನನ್ನು ಬಂಧಿಸಲಾಯಿತು. ಅವನ ಸಂಕಟ ನಿಜವೆಂದು ಆದಿನಾರಾಯಣಪ್ಪನವರಿಗೆ ಗೊತ್ತಿತ್ತು, ಅಪರಾಧವೂ ಅಷ್ಟೇ ನಿಜ. ಪಂಚನಾಮೆಯಲ್ಲಿ ಫೋಟೊಗಳ ವಿವರ ಬರೆಯುವಾಗ ಅವರು ವಿಮಾನ ನಿಲ್ದಾಣ ಪ್ರದೇಶ ಎನ್ನಲಿಲ್ಲ, ಬೇವಿನಕುಂಟೆ ಗ್ರಾಮ ಎಂದೇ ಬರೆಸಿದರು. ಶಶಿರೇಖಾ ಅದನ್ನು ಓದಿ, ತಲೆತಗ್ಗಿಸಿ ಸಹಿ ಹಾಕಿದರು.

ಪಿಳ್ಳಮ್ಮ ಪರದೆಯ ಮೇಲಿನ ಗಂಡನ ಮುಖವನ್ನು ಬಹಳ ಹೊತ್ತು ನೋಡಿ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಊರಿನ ಹೆಸರನ್ನೂ ಸೇರಿಸ್ತೀನಿ ಅಜ್ಜಿ," ಎಂದರು ಶಶಿರೇಖಾ. "ಸಾಲನ್ನೂ ಸರಿ ಮಾಡ್ಲಾ? ಮೂರನೇದು ನಿಮ್ಮನೆ ಅಂತ?"

ಪಿಳ್ಳಮ್ಮ ಬಾಗಿಲಲ್ಲಿ ಕೀರ್ತನಾಳ ಪಕ್ಕ ನಿಂತಿದ್ದ ಮಂಜೇಶನನ್ನು ನೋಡಿದರು.

"ಬ್ಯಾಡ ಕಣಮ್ಮ. ಅಮ್ಮಯಮ್ಮನ ದೀಪ ಅಲ್ಲೇ ಇರ್ಲಿ. ನಮ್ದು ಅದರ ಹಿಂದೆ ಬರ್ಲಿ."