ಬಾನೆಟ್ಟಿನ ಮೇಲಿನ ಗಂಧ

ಟೆಂಪೋದ ಮುಂದಿನ ಗಾಜು ಪುಡಿಪುಡಿ. ಬಾನೆಟ್ಟಿನಲ್ಲಿ ಬೋಗುಣಿಯಷ್ಟು ತಗ್ಗು. ಬಲಗಡೆಯ ದೀಪ ಕಿತ್ತು ಜೋತಾಡುತ್ತಿತ್ತು.

ಎಂಬತ್ತನಾಲ್ಕರ ಜೂನ್. ಶ್ರೀನಿವಾಸಪುರದ ಮಾವಿನ ಮಂಡಿಯ ಹಿಂದೆ ನಿಂತಿದ್ದ ಆ ಗಾಡಿಗೆ ವಿಮೆ ಕಂಪನಿಯ ಸರ್ವೇಯರ್ ಕೋದಂಡರಾಮಪ್ಪ ಎರಡು ಸುತ್ತು ಹಾಕಿದರು. ಪಾಲಿಸಿ ಮಾಡಿಸಿದ ಏಜೆಂಟ್ ಕದಿರೇಶ ನಾನೇ. ಮಾತು ಮಾರಿ ಹೊಟ್ಟೆ ಹೊರೆಯುವವನು.

"ಹೇಗಾಯ್ತು?" ಸರ್ವೇಯರ್ ಕೇಳಿದರು.

"ಸೋಮವಾರ ತೋಟದಾಗೆ ಕೊಂಬೆ ಬಡೀತು ಸ್ವಾಮಿ," ಎಂದರು ಮಾಲೀಕ ಚನ್ನರಾಯಪ್ಪ.

"ಎಲ್ಲಾ ಒಂದೇ ಸಲಕ್ಕಾ?"

"ಹೂಂ."

"ಆಮೇಲೆ?"

"ದೃಷ್ಟಿ ತಗಲೈತೆ ಅಂತ ಮಂಗಳವಾರ ಕುರುಡುಮಲೆ ಗಣಪ್ಪನ ಗುಡಿಗೆ ಹೊಡ್ಕೊಂಡೋಗಿ ಪೂಜೆ ಮಾಡಿಸ್ದೆ. ಪೂಜಾರಪ್ಪ ಬಾನೆಟ್ಟಿಗೆ ಗಂಧ ಬಳಿದ್ರು."

ಕೋದಂಡರಾಮಪ್ಪ ಉಗುರಿನಿಂದ ಗಂಧವನ್ನು ಕೆರೆದರು.

"ಕದಿರೇಶ, ನೋಡಿ. ತಗ್ಗು ಮೊದಲೇ ಇದ್ದಿದ್ರೆ ಗಂಧ ಅದರೊಳಗೂ ಕೂತಿರಬೇಕಿತ್ತು. ಇಲ್ಲಿ ಒಣಗಿದ ಗಂಧ ಒಡೆದು ಉದುರಿದೆ. ಪೂಜೆ ಮೊದಲು, ಏಟು ಆಮೇಲೆ. ಗಾಜಿನ ಚೌಕಟ್ಟಿನಲ್ಲಿ ಮಾವಿನ ತೊಗಟೆ ಸಿಕ್ಕಿಕೊಂಡಿದೆ, ಅದನ್ನು ಒಡೆದದ್ದು ಕೊಂಬೆ. ಉಳಿದದ್ದು— ನೀವೇ ಅಲ್ವಾ ಚನ್ನರಾಯಪ್ಪ?"

"ಸುತ್ತಿಗೇಲಿ ಹೊಡ್ದೆ," ಎಂದರು ಅವರು, ತಲೆ ಎತ್ತದೆ.

"ಮೊದಲ ಐನೂರು ರೂಪಾಯಿ ನಷ್ಟ ಮಾಲೀಕನದೇ ಅಂತ ಪಾಲಿಸೀಲಿದೆ. ಗಾಜಿಗೆ ನಾನೂರು, ಹಾಗಾಗಿ ಏನೂ ಬರ್ತಿರಲಿಲ್ಲ. ಐನೂರು ದಾಟಿಸಿದ್ರೆ ಪೂರ್ತಿ ಸಿಗುತ್ತೆ ಅಂದ್ಕೊಂಡ್ರಾ? ತಗ್ಗು, ದೀಪ ಎಲ್ಲಾ ಸೇರಿ ನಷ್ಟ ಒಂಬೈನೂರಾದ್ರೂ ಕಂಪನಿ ಕೊಡೋದು ಮೇಲಿನ ನಾನೂರು ಮಾತ್ರ. ಸರಿ, ಪಾಲಿಸಿ ಇಂಗ್ಲಿಷಿನಲ್ಲಿದೆ. ನಿಮಗೆ ಓದೋಕೆ ಬರೋಲ್ಲ. ಐನೂರರ ಮಾತು ಹೇಳಿದ್ದು ಯಾರು?"

"ಯಾರೂ ಇಲ್ಲ ಸ್ವಾಮಿ. ನನ್ನ ಕೆಟ್ಟ ಬುದ್ಧಿ."

ಚನ್ನರಾಯಪ್ಪ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಬೈದಿದ್ದರೆ ವಾಸಿಯಿತ್ತು. ಗಿರಾಕಿ ಕೈತಪ್ಪೀತೆಂದು ಪಾಲಿಸಿ ಮಾಡಿಸುವಾಗ ಆ ಸಾಲನ್ನು ನುಂಗಿದ್ದೆ. ಪೂಜೆ ಮುಗಿಸಿ ಬಂದು ಗಾಜಿನ ದುಡ್ಡು ಬರುತ್ತಾ ಎಂದು ಅವರು ಕೇಳಿದಾಗ, ಕೋಲಾರದ ಬಸ್ಸು ಹತ್ತುತ್ತಾ ಅರ್ಧ ಮಾತು ಎಸೆದಿದ್ದೆ: "ಐನೂರು ದಾಟಿದ್ರೆ ಬರುತ್ತೆ ಹೋಗಣ್ಣ!"

"ನಾನೇ ಸಾರ್," ಎಂದೆ. ನಾಚಿಕೆಯಿಂದ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ಗೊತ್ತಿತ್ತು. ಸುತ್ತಿಗೆ ಅವರದು, ಏಟು ನಿಮ್ಮದು." ಕೋದಂಡರಾಮಪ್ಪ ಪಾಲಿಸಿಯನ್ನು ನನ್ನ ಕೈಗಿಟ್ಟರು. "ಸುಳ್ಳು ಕ್ಲೇಮಿಗೆ ಒಂದು ಪೈಸೆಯೂ ಸಿಗೋಲ್ಲ. ಒಂಬೈನೂರೂ ಅವರ ತಲೆ ಮೇಲೆ. ಈಗಲಾದ್ರೂ ಓದಿ ಹೇಳಿ."

ಕನ್ನಡದಲ್ಲಿ ಬಿಡಿಸಿ ಹೇಳಿದೆ. ಎರಡು ನಿಮಿಷವೂ ಹಿಡಿಯಲಿಲ್ಲ.

"ಇಷ್ಟೇನಾ?" ಎಂದರು ಚನ್ನರಾಯಪ್ಪ. "ಮೊದ್ಲೇ ಹೇಳಿದ್ರೆ ಐನೂರು ಎತ್ತಿಟ್ಕೊಂಡು ನೆಮ್ಮದಿಯಾಗಿರ್ತಿದ್ದೆ ಕಣಪ್ಪ. ಗಣಪ್ಪನ ಗಂಧದ ಮೇಲೆ ಸುತ್ತಿಗೆ ಎತ್ತೋ ಹಂಗೆ ಮಾಡ್ಬಿಟ್ಟೆಯಲ್ಲೋ."