ವೀರಮ್ಮನ ಡಿಸ್ಕಿನಲ್ಲಿ ಕುಳ್ಳಮ್ಮನ ಹೆಸರು

"ನನ್ನ ಹಾಡ ಕದ್ದವಳ ನಾಲ್ಕು ಜನದ ಮುಂದೆ ನಿಲ್ಲಿಸ್ಕೊಡಿ ಮೇಡಂ. ಸೋಮವಾರ ಆದ್ಮೇಲೆ ಏನ್ ಮಾಡಿದ್ರೂ ದಂಡ."

ಬೀಚನಹಳ್ಳಿಯ ವೀರಮ್ಮ ಹೀಗಂದು ಅಕ್ತರುನ್ನೀಸಾ ಮೇಡಂ ಅವರ ಜಗುಲಿಯ ಮೇಲೆ ಕುಕ್ಕರಿಸಿದಳು. ಪಕ್ಕದಲ್ಲಿ ಕಾಫಿ ಹೀರುತ್ತಿದ್ದ ಚನ್ನಬಸವಣ್ಣ ಮನಸ್ಸಿನಲ್ಲೇ ಹಣೆ ಚಚ್ಚಿಕೊಂಡ. ಹನ್ನೆರಡು ವರ್ಷದ ಹಳೇ ರಾಮಾಯಣ! ಕಳ್ಳಿ ಯಾರು ಅಂತ ಹೆಗ್ಗಡದೇವನಕೋಟೆಗೆಲ್ಲ ಗೊತ್ತು, ಇನ್ನು ಹಿಡಿಯುವುದೇನು?

ಮೇಡಂ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ಹ್ಯಾಂಡ್‌ಪೋಸ್ಟ್ ಅನ್ನುವ ಊರಿನಲ್ಲಿ ನೆಲೆ ನಿಂತವರು. ಚನ್ನಬಸವಣ್ಣ ನಿವೃತ್ತ ಬಸ್ ಕಂಡಕ್ಟರ್. ಅವರಿಗೆ ತಲೆ, ಇವನಿಗೆ ಊರೂರಿನ ಪರಿಚಯ. ಸುತ್ತಮುತ್ತ ಏನು ಕಳೆದರೂ, ಯಾರು ಯಾರ ಮೇಲೆ ಗೂಬೆ ಕೂರಿಸಿದರೂ ಜನ ಪೊಲೀಸರಿಗಿಂತ ಮೊದಲು ಈ ಜಗುಲಿಗೆ ಬರುತ್ತಿದ್ದರು.

"ಮೊದಲಿಂದ ಹೇಳಿ ವೀರಮ್ಮ," ಅಂದರು ಮೇಡಂ.

ವೀರಮ್ಮ ಹೇಳಿದಳು. ಹೆಗ್ಗಡದೇವನಕೋಟೆಯ ಕಪಿಲಾ ಧ್ವನಿ ಭಂಡಾರದವರು ಹನ್ನೆರಡು ವರ್ಷದ ಹಿಂದೆ ಹಳ್ಳಿ ಹಾಡುಗಾರರನ್ನೆಲ್ಲ ಕರೆಸಿ ಡಿಸ್ಕು ಮಾಡಿದ್ದರು. ಅವಳದ್ದೂ ಒಂದಾಯಿತು. ಮದುವೆ ಮನೆಗಳಲ್ಲಿ ಇಪ್ಪತ್ತೈದು ವರ್ಷ ಅವಳು ಸೊಲ್ಲೆತ್ತಿದರೆ ಸೊಲ್ಲಿಗೆ ಸೊಲ್ಲು ಕೊಡುತ್ತಿದ್ದವಳು ಕುಳ್ಳಮ್ಮ. ಡಿಸ್ಕಿನಲ್ಲೂ ಹಾಗೇ ಕೊಟ್ಟಳು. ಆಮೇಲೆ ಕುಳ್ಳಮ್ಮನದ್ದೂ ಬೇರೆ ಡಿಸ್ಕಾಯಿತು. ತಿಂಗಳು ಕಳೆದು ವೀರಮ್ಮ ತನ್ನ ಡಿಸ್ಕು ಹಾಕಿಸಿ ಕೇಳಿದರೆ ದನಿ ಅವಳದೇ, ಕಂಪ್ಯೂಟರಿನಲ್ಲಿ ಹೆಸರು ಮಾತ್ರ ಕುಳ್ಳಮ್ಮನದು!

"ಅಲ್ಲಿ ಕಂಪ್ಯೂಟರ್ ನೋಡ್ಕಳೋ ಶಿವಶಂಕರನ್ನ ಕೇಳ್ದೆ. 'ಯಾರೋ ಬದಲಾಯ್ಸವ್ರೆ, ಯಂತ್ರ ತಾನಾಗೇ ಬದಲಾಯ್ಸಲ್ಲ' ಅಂದ. 'ಕುಳ್ಳಮ್ಮ ಬಂದು ನನ್ನೆಸ್ರೂ ಹಾಕಿ ಅಂತ ಕೇಳಿದ್ದುಂಟು' ಅಂತ್ಲೂ ಅಂದ. ಇನ್ನೇನ್ ಬೇಕು? ಬರೋ ಸೋಮ್ವಾರ ಎಲ್ಲಾ ಹಾಡ್ನೂ ಫೋನಿಗೆ ಬುಡ್ತಾರಂತೆ. ನನ್ನ ದನಿ ಲೋಕಕ್ಕೆಲ್ಲ ಅವಳೆಸ್ರಲ್ಲಿ ಕೇಳ್ಬೇಕಾ?"

ಮುಂದಿನ ಕತೆ ಚನ್ನಬಸವಣ್ಣನಿಗೇ ಗೊತ್ತಿತ್ತು. ವೀರಮ್ಮ ಭಂಡಾರದಲ್ಲಿ ಕೇಳಿಬಂದ ವಾರವೇ, ಗೌರಿ ಹಬ್ಬದ ಹಿಂದಿನ ದಿನ, ಅವನದೇ ಬಸ್ಸಿನಲ್ಲಿ, ಇಬ್ಬರೂ ಜಡೆ ಹಿಡಿದುಕೊಂಡಿದ್ದರು. ಬಾಗಿನದ ಮೊರಗಳು ಚೆಲ್ಲಾಪಿಲ್ಲಿಯಾಗಿ, ಅವನು ಸೀಟಿ ಊದಿ ಇಬ್ಬರನ್ನೂ ಹ್ಯಾಂಡ್‌ಪೋಸ್ಟಿನಲ್ಲಿ ಇಳಿಸಿದ್ದ. ಆಮೇಲೆ ವರ್ಷಗಟ್ಟಲೆ ಆ ಕತೆಯನ್ನು ಟಿಕೆಟ್ ಹರಿಯುತ್ತಾ ಹೇಳಿ ಬಸ್ಸನ್ನೆಲ್ಲ ನಗಿಸಿದವನೂ ಅವನೇ.

ಮರುದಿನ ಮೇಡಂ, ಚನ್ನಬಸವಣ್ಣ ಇಬ್ಬರೂ ಭಂಡಾರಕ್ಕೆ ಹೋದರು. ಕಾರ್ಯದರ್ಶಿ ನಂಜುಂಡೇಶ್ ಬೀರುವಿನ ಬೀಗ ತೆಗೆದುಕೊಟ್ಟು, "ಕಂಪ್ಯೂಟರ್ ವಿಷಯ ಎಲ್ಲಾ ಶಿವಶಂಕರ್ ಕೈಲೇ ಇದೆ ಮೇಡಂ, ನಂಗೆ ಗಂಧಗಾಳಿ ಇಲ್ಲ," ಅಂದರು.

ಶಿವಶಂಕರ್‌ಗೆ ತನ್ನ ಕೆಲಸ ಅಂದರೆ ಹೆಮ್ಮೆ. "ಡಿಸ್ಕಿನೊಳಗೆ ಹೆಸರು ಇರಲ್ಲ ಮೇಡಂ. ಎಷ್ಟು ಹಾಡು, ಯಾವ ಹಾಡು ಎಷ್ಟು ಉದ್ದ ಅಂತ ಅಳೆದು ಕಂಪ್ಯೂಟರ್ ಒಂದು ನಂಬರ್ ಮಾಡುತ್ತೆ. ಆ ನಂಬರಿನ ಹಾಳೆ ತೆಗೆದ್ರೆ ಹಾಡಿದವರ ಹೆಸರು ಬರುತ್ತೆ. ಆ ವಿಧಾನ ಪೂರ್ತಿ ನಾನೇ ಹೆಣೆದಿದ್ದು."

"ಹಾಳೆಯಲ್ಲಿ ಎಷ್ಟು ಜನರ ಹೆಸರಿಗೆ ಜಾಗ ಇದೆ?"

"ಒಂದೇ. ಕುಳ್ಳಮ್ಮಂಗೂ ಅದನ್ನೇ ಹೇಳಿ ಕಳಿಸ್ದೆ."

"ಯಾರು, ಯಾವತ್ತು ಬರೆದರು ಅಂತ ಅದರಲ್ಲಿ ಇರುತ್ತಾ?"

"ಇಲ್ಲ. ಅದೆಲ್ಲ ಯಾಕೆ?"

ಮೇಡಂ ತಲೆಯಾಡಿಸಿ ಬೀರುವಿನ ಮುಂದೆ ಕೂತರು. ಒಂದೊಂದೇ ಡಿಸ್ಕು ತೆಗೆದು, ಕವರಿನ ಮೇಲೆ ಶಿವಶಂಕರ್ ಬರೆದಿದ್ದ ಹೆಸರು, ತಾರೀಕು, ಹಾಡುಗಳ ಉದ್ದ, ಎಲ್ಲವನ್ನೂ ಚೀಟಿಗೆ ಇಳಿಸಿಕೊಂಡರು. ಮಧ್ಯಾಹ್ನ ಅವನು ಊಟಕ್ಕೆ ಹೋದಾಗ ನಂಜುಂಡೇಶರನ್ನು ಕೇಳಿ ಮೂರು ಡಿಸ್ಕು ಹಾಕಿ ನೋಡಿದರು.

ವಾಪಸು ಬರುವಾಗ ಚನ್ನಬಸವಣ್ಣನಿಗೆ ತಡೆಯಲಾಗಲಿಲ್ಲ. "ಕುಳ್ಳಮ್ಮಂಗೆ ಆಸೆ ಇತ್ತು, ಹೆಸರು ಹಾಕಿ ಅಂತ ಕೇಳೂ ಇದ್ದಳು. ಇನ್ಯಾರ್ ಮೇಡಂ?"

"ಆಸೆ ಇದ್ದವರೆಲ್ಲ ಕಳ್ಳರಾದ್ರೆ ಊರಲ್ಲಿ ಯಾರ್ ಉಳೀತಾರೆ ಚನ್ನಬಸವಣ್ಣ? ನೀವು ನನಗೆ ಒಂದೇ ಹೇಳಿ. ಆ ಜಗಳ ಗೌರಿ ಹಬ್ಬದ ಹಿಂದಿನ ದಿನ ಅನ್ನೋದು ಖಂಡಿತಾನಾ?"

"ಮೊರದಲ್ಲಿದ್ದ ಬಳೆ ಚೂರು ನಾನೇ ಗುಡಿಸಿದ್ದು ಕಣ್ರೀ!"

"ಹಾಗಾದ್ರೆ ಭಾನುವಾರ ಎಲ್ಲರನ್ನೂ ಕರೆಸಿ. ಕುಳ್ಳಮ್ಮನನ್ನೂ."

ಭಾನುವಾರ ಭಂಡಾರದ ಹಾಲಿನಲ್ಲಿ ಐವರು ಸೇರಿದರು. ಆರನೆಯವಳಾಗಿ ಕುಳ್ಳಮ್ಮ ಬಂದು, ಯಾರ ಮುಖವನ್ನೂ ನೋಡದೆ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಳು. ವೀರಮ್ಮ ಅತ್ತ ತಿರುಗಿ, "ಬಂದ್ಲು ನೋಡು," ಅಂತ ಸೆರಗು ಕೊಡವಿದಳು.

ಮೇಡಂ ಒಂದು ಡಿಸ್ಕು ಹಾಕಿದರು. ಪರದೆಯ ಮೇಲೆ ಕುಳ್ಳಮ್ಮನ ಹೆಸರು, ಕೆಳಗೆ ಹಾಡು ಒಂದು, ಹಾಡು ಎರಡು ಅಂತ ಎಂಟು ಸಾಲು. ಆಮೇಲೆ ದನಿ ಬಂತು. ತಂಬೂರಿ ಹಿಡಿದ ಗಂಡಸಿನ ದಪ್ಪ ದನಿ.

"ಅಯ್ಯೋ ಶಿವನೇ! ಇದು ಸತ್ತೋದ ನಿಂಗಯ್ಯನ ಗಂಟಲು ಕಣ್ರೀ!" ಅಂತ ಚನ್ನಬಸವಣ್ಣ ಕೂಗಿಯೇಬಿಟ್ಟ.

"ಕುಳ್ಳಮ್ಮ ನಿಂಗಯ್ಯನ ತಂಬೂರಿ ಪದಾನೂ ಕದ್ದಳಾ?" ಮೇಡಂ ದನಿ ಏರಲಿಲ್ಲ. "ಆ ವರ್ಷ ಗೌರಿ ಹಬ್ಬಕ್ಕೆ ಮೊದಲು ಐದು ಡಿಸ್ಕು ಆದವು. ಐದರಲ್ಲೂ ಎಂಟೇ ಹಾಡು. ಪ್ರತಿ ಹಾಡೂ ಸರಿಯಾಗಿ ಐದು ನಿಮಿಷ. ಹೇಗೆ ವೀರಮ್ಮ?"

"ಸೋಬಾನೆ ಅಂದ್ರೆ ಶಾಸ್ತ್ರ ಮುಗಿಯೋಗಂಟ ಹಾಡಬೇಕು. ಈವಪ್ಪ ಶಿವಶಂಕರ ಗಡಿಯಾರ ಹಿಡ್ಕಂಡು, ಐದು ನಿಮಿಷ ಆಗುತ್ಲೂ ಕೈ ಎತ್ತಿ ಕತ್ತರಿಸ್ಬುಡೋನು."

"ಎಲ್ಲರನ್ನೂ ಒಂದೇ ಅಳತೆಗೆ ಕತ್ತರಿಸಿದರು. ಉದ್ದ ಅಳೆದು ನಂಬರ್ ಕೊಡೋ ಕಂಪ್ಯೂಟರು ಐದಕ್ಕೂ ಒಂದೇ ನಂಬರ್ ಕೊಟ್ಟಿತು. ಹಾಳೆ ಒಂದು, ಅದರಲ್ಲಿ ಹೆಸರಿಗೆ ಜಾಗ ಒಂದು. ಹೊಸಬರ ಹೆಸರು ಬರೆದಾಗಲೆಲ್ಲ ಹಳಬರ ಹೆಸರು ಅಳಿಸಿಹೋಯಿತು, 'ಅಳಿಸಲಾ?' ಅಂತ ಕಂಪ್ಯೂಟರು ಒಂದು ಮಾತೂ ಕೇಳಲಿಲ್ಲ. ಕೊನೆಗೆ ಹಾಡಿದವಳು ಕುಳ್ಳಮ್ಮ, ಅವಳ ಹೆಸರು ಉಳೀತು. ಅಷ್ಟೇ. ಅವಳು ಏನೂ ಮಾಡಿಲ್ಲ."

ಹತ್ತು ಜನರಿಗೆ ಒಂದೇ ಸೀಟ್ ನಂಬರ್ ಹರಿದು ಕೊಟ್ಟ ಹಾಗಾಯಿತಲ್ಲ, ಅಂದುಕೊಂಡ ಚನ್ನಬಸವಣ್ಣ.

"ಅಚಾತುರ್ಯ ಮೇಡಂ," ಶಿವಶಂಕರ್ ಅವಸರವಾಗಿ ಅಂದ. "ನನಗೂ ಇವತ್ತೇ ತಿಳೀತಿರೋದು."

"ಸುಳ್ಳು. ನಿಮ್ಮ ಕವರುಗಳೇ ಹೇಳ್ತಿವೆ. ಹಬ್ಬದ ಮುಂಚೆ ಐದೈದು ನಿಮಿಷ. ಹಬ್ಬವಾದ ಮರುವಾರದ ಡಿಸ್ಕಿನಿಂದ ಒಂದು ಹಾಡು ನಾಲ್ಕು ನಿಮಿಷ ಐವತ್ತೆರಡು ಸೆಕೆಂಡು, ಇನ್ನೊಂದು ಐದು ನಿಮಿಷ ಹನ್ನೊಂದು ಸೆಕೆಂಡು. ಅಲ್ಲಿಂದಾಚೆಗೆ ಯಾವ ಎರಡು ಡಿಸ್ಕಿನ ಅಳತೆಯೂ ಒಂದೇ ಇಲ್ಲ. ವೀರಮ್ಮ ಬಂದು ಕೇಳಿದ ತಕ್ಷಣ ನಿಮಗೆ ತಪ್ಪು ಗೊತ್ತಾಯ್ತು. ಮುಂದಿನವರನ್ನು ಬೇಕಂತಲೇ ಬೇರೆ ಬೇರೆ ಉದ್ದಕ್ಕೆ ಕತ್ತರಿಸಿದಿರಿ. ನಿಮ್ಮ ವಿಧಾನವನ್ನು ಉಳಿಸಿಕೊಂಡು, ಕುಳ್ಳಮ್ಮನ ಕಡೆ ಬೆರಳು ತೋರಿಸಿದಿರಿ."

ಶಿವಶಂಕರ್ ಪರದೆಯನ್ನೇ ನೋಡುತ್ತಿದ್ದ. "ಒಪ್ಕೊಂಡಿದ್ರೆ ಇಡೀ ಭಂಡಾರ ಮೊದಲಿಂದ ಬರೀಬೇಕಿತ್ತು. ವೀರಮ್ಮನ ಹೆಸರು ಹಾಕಿದ್ರೆ ಐದಕ್ಕೂ ಅವಳದೇ ಬರ್ತಿತ್ತು. ನಾನೇನು ಸುಳ್ಳು ಹೇಳ್ಲಿಲ್ಲ. ಕುಳ್ಳಮ್ಮ ಬಂದು ಕೇಳಿದ್ದು ನಿಜ ತಾನೇ? ಹೆಂಗಸರ ಜಗಳ, ನಾಲ್ಕು ದಿನಕ್ಕೆ ತಣ್ಣಗಾಗುತ್ತೆ ಅಂದ್ಕೊಂಡೆ."

"ಥೂ!" ಅಂದರು ನಂಜುಂಡೇಶ್. ಸೋಮವಾರ ಒಂದು ಹಾಡೂ ಹೊರಗೆ ಹೋಗುವುದಿಲ್ಲ, ಹಾಡಿದವರ, ಸೊಲ್ಲು ಕೊಟ್ಟವರ, ಎಲ್ಲರ ಹೆಸರನ್ನೂ ಕೇಳಿ ಕೇಳಿ ಹೊಸದಾಗಿ ಬರೆಸುತ್ತೇನೆ ಅಂತ ಅಲ್ಲೇ ಮಾತು ಕೊಟ್ಟರು.

ವೀರಮ್ಮನಿಗೆ ಬೇಕಾದದ್ದು ಸಿಕ್ಕಿತ್ತು. ಅವಳು ಅದನ್ನು ಕೇಳಿಸಿಕೊಂಡಂತೆಯೇ ಕಾಣಲಿಲ್ಲ. ಎದ್ದು ಹೋಗಿ ಕುಳ್ಳಮ್ಮನ ಎರಡೂ ಕೈ ಹಿಡಿದಳು. "ತಪ್ಪಾಯ್ತು ಕಣೇ. ಬಯ್ಯಿ, ಒಡಿ, ಏನಾರ ಅನ್ನು."

ಕುಳ್ಳಮ್ಮ ಕೈ ಬಿಡಿಸಿಕೊಂಡಳು. ಮುಖದಲ್ಲಿ ಸಿಟ್ಟು ಇರಲಿಲ್ಲ, ಅದೇ ಹೆಚ್ಚು ಚುಚ್ಚುವಂತಿತ್ತು.

"ಏನನ್ಲಿ? ನನ್ನ ಮಗಳ ಮದ್ವೇಲಿ ಕಳ್ಳಿ ಮನೆ ಅಂತ ಸೋಬಾನೆಗೆ ಒಬ್ಳೂ ಬರ್ನಿಲ್ಲ. ಧಾರೆ ಹೊತ್ನಲ್ಲಿ ಮೈಕಲ್ಲಿ ಸಿನಿಮಾ ಹಾಡು ಹಾಕುಸ್ದೆ. ನೀನು ಮೂರ್ ಮನೆ ಆಚೆ ಬಾಗ್ಲಾಕ್ಕಂಡು ಕೂತಿದ್ದೆ."

"ಕಂಪ್ಯೂಟ್ರು ಅಂಗೆ ತೋರುಸ್ತಲ್ಲೇ..."

"ಅದಕ್ಕೆ ಕಿವಿ ಇರ್ನಿಲ್ಲ ಕಣಕ್ಕ, ಉದ್ದ ಅಳೀತು ಅಷ್ಟೆ. ನಿಂಗಿತ್ತು. ಇಪ್ಪತ್ತೈದು ವರ್ಷ ನನ್ನ ದನಿ ಕೇಳಿದ್ದೆ. ಒಂದ್ಸಲ ನನ್ನ ಮನೆ ಬಾಗ್ಲಿಗೆ ಬಂದು, 'ನೀನ್ ಮಾಡ್ದ್ಯಾ?' ಅಂತ ಕೇಳಕ್ಕಾಗ್ನಿಲ್ವಾ?"

ಕುಳ್ಳಮ್ಮ ಚಪ್ಪಲಿ ಮೆಟ್ಟಿಕೊಂಡು ಹೊರಟಳು. ವೀರಮ್ಮ ಅದೇ ಖಾಲಿ ಕುರ್ಚಿಯ ಪಕ್ಕ ನೆಲದ ಮೇಲೆ ಕುಸಿದು, ಸೆರಗು ಬಾಯಿಗಿಟ್ಟುಕೊಂಡು ಅತ್ತಳು.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅಂತಾರೆ. ಆ ಮಾನವನ್ನು ದಿನಕ್ಕೆ ನಾಲ್ಕು ಟ್ರಿಪ್ಪು, ಕೋಟೆಯಿಂದ ಬೀಚನಹಳ್ಳಿಯವರೆಗೆ ಹಂಚಿದವನು ತಾನು ಅನ್ನುವುದು ಚನ್ನಬಸವಣ್ಣನಿಗೆ ಚೆನ್ನಾಗಿ ಗೊತ್ತಿತ್ತು. ಮೇಡಂ ಅವನ ಕಡೆ ಒಮ್ಮೆ ನೋಡಿದರು. ಕಿಟಕಿಯಾಚೆ ಕುಳ್ಳಮ್ಮ ಇನ್ನೂ ಗೇಟು ದಾಟಿರಲಿಲ್ಲ. ಓಡಿಹೋಗಿ, ತಾಯಿ, ನನ್ನದೂ ತಪ್ಪಾಯ್ತು ಅನ್ನಲು ಅಷ್ಟು ಹೊತ್ತು ಸಾಕಿತ್ತು. ಅವನು ಏಳಲಿಲ್ಲ.