ಲೂದಿಂಗ್ ಹಿಡಿದ ನಾಡಿ

ಗಿಂಬಾಲ್ ಎಂಬ ಊರಿನ ಕಡಲ ದಂಡೆಯಲ್ಲಿ ಉಳುಕು ತೆಗೆಯುವ ಲೂದಿಂಗ್, ಮೈ ನೀವುವ ಮೊದಲು ಯಾರದೇ ಆಗಲಿ ನಾಡಿ ಹಿಡಿದು ನೋಡುವವಳು. ಮೂವತ್ತು ವರ್ಷದ ಹಿಂದೆ ಭುಜ ಉಳುಕಿಸಿಕೊಂಡು ಬಂದ ದೋಣಿ ಕಟ್ಟುವ ಕ್ರಿಸಾಂತೋನ ಮಣಿಕಟ್ಟು ಹಿಡಿದಾಗ ಅವಳ ಹುಬ್ಬು ಗಂಟಿಕ್ಕಿತು.

“ನಾಡಿ ಎಡವಿ ಎಡವಿ ಓಡ್ತಿದೆಯಲ್ರೀ?”

“ಹಿಡ್ಕೊಂಡಿರೋ ಕೈ ಯಾರದು ಅಂತ ನೋಡ್ಕೊಳ್ಳಿ. ಬಿಟ್ರೆ ಸರಿಹೋಗುತ್ತೆ,” ಎಂದ ಅವನು, ಕಣ್ಣಂಚಿನಲ್ಲೇ ನಗುತ್ತ.

ಅವಳು ಕೈ ಬಿಡಲಿಲ್ಲ. ಆ ವರ್ಷವೇ ಮದುವೆಯೂ ಆಯಿತು.

ಆಮೇಲೆ ಅದೇ ಅವರ ಸರಸ. ನಾಡಿ ಎಡವಿದಾಗಲೆಲ್ಲ “ಇನ್ನೂ ನನ್ ಮೇಲೆ ಆಸೇನಾ, ಮುದುಕಾ?” ಎಂದು ಅವಳು ಕೆಣಕುವಳು. “ಸಾಯೋ ತನಕ, ಇಂದಾಯ್,” ಎಂದು ಅವನು ಮುದ್ದಿನಿಂದ ಕರೆಯುವನು. ಅಂಥದೇ ನಾಡಿ ಊರಿನ ಬೇರೆ ಯಾರಲ್ಲಾದರೂ ಸಿಕ್ಕರೆ, “ಇದು ನನ್ ಕೈಲಾಗೋದಲ್ಲ, ಇವತ್ತೇ ಡಾಕ್ಟರ್ ಹತ್ರ ಹೋಗು” ಎಂದು ಗದರಿಸಿ ಕಳಿಸುತ್ತಿದ್ದಳು. ಗಂಡನನ್ನು ಮಾತ್ರ ಕಳಿಸಲಿಲ್ಲ. ಪ್ರೀತಿಗೆ ಯಾರಾದರೂ ಔಷಧಿ ಕುಡಿಸುತ್ತಾರೆಯೇ?

ಈ ವರ್ಷ ಕ್ರಿಸಾಂತೊ ತಾನೇ ಕಟ್ಟಿದ ದೋಣಿಯ ಮುಂದೆ ನಿಂತು, ಇದು ಯಾರದೆಂದು ಕೇಳಿದ. ಅವಳು ಅವನನ್ನು ಪೇಟೆಯ ಆಸ್ಪತ್ರೆಗೆ ಕರೆದೊಯ್ದಳು.

“ಮರೆವಿನ ಕಾಯಿಲೆ ಶುರುವಾಗಿದೆ,” ಎಂದರು ಡಾಕ್ಟರಮ್ಮ. “ಹೃದಯದ ಬಡಿತಾನೂ ತಾಳ ತಪ್ಪಿದೆ. ಹಾಗಿರೋರಿಗೆ ಈ ಮರೆವು ಬರೋ ಸಂಭವ ಜಾಸ್ತಿ. ಅದರಿಂದ್ಲೇ ಬಂತು ಅಂತ ಹೇಳೋಕಾಗಲ್ಲ. ರಕ್ತ ಹೆಪ್ಪುಗಟ್ಟದ ಹಾಗೆ ಮಾತ್ರೆ ಕೊಡ್ತೀನಿ. ಎಷ್ಟು ದಿನದಿಂದ ಹೀಗಿದೆ, ಗೊತ್ತಾ?”

“ಗೊತ್ತಿಲ್ಲ,” ಎಂದು ಲೂದಿಂಗ್ ಸುಳ್ಳಾಡಿದಳು.

ಮನೆಗೆ ಮರಳುವ ದಾರಿಯಲ್ಲಿ ಅವಳು ನಿಶ್ಚಯಿಸಿದಳು: ಅವನಿಗೆ ಇನ್ನೂ ತಿಳಿಯುವಾಗಲೇ ಹೇಳಿಬಿಡಬೇಕು, ಬೈದರೆ ಬೈಸಿಕೊಳ್ಳಬೇಕು. ಮನೆಯ ಮುಂದಿನ ಬಿದಿರ ಬೆಂಚಿನ ಮೇಲೆ ಅವನನ್ನು ಕೂರಿಸಿ ಮಣಿಕಟ್ಟು ಹಿಡಿದಳು.

“ನಂಗೆ ಗೊತ್ತಿತ್ತು. ಊರೋರನ್ನೆಲ್ಲ ಡಾಕ್ಟರ್ ಹತ್ರ ಅಟ್ಟಿದೆ. ಕಟ್ಕೊಂಡ ಗಂಡನ ನಾಡಿ ತಪ್ಪೋದು ಮಾತ್ರ ನನ್ನಿಂದ ಅಂತ ಬೀಗ್ತಾ ಕೂತೆ. ಪಾಪಿ ನಾನು.”

ಅವನು ಪೂರ್ತಿ ಕೇಳಿಸಿಕೊಂಡ. ಅವಳ ಕೆನ್ನೆಯ ನೀರು ನೋಡಿ ಅವನ ಮುಖ ಮೆತ್ತಗಾಯಿತು.

“ಅಳಬೇಡಿಮ್ಮಾ. ನಿಮ್ಮ ಯಜಮಾನ್ರು ಏನೂ ಅಂದ್ಕೊಳ್ಳಲ್ಲ ಬಿಡಿ. ನಾನಾಗಿದ್ರೂ ಅಂದ್ಕೊಳ್ತಿರಲಿಲ್ಲ.”

ಕ್ಷಮೆಯೇನೋ ಸಿಕ್ಕಿತ್ತು, ಯಾರೋ ಅಪರಿಚಿತ ಹೆಂಗಸಿಗೆ.

“ಆದ್ರೆ ಕೈ ಬಿಡಿ,” ಎಂದ ಅವನು ಸಂಕೋಚದಿಂದ. “ನನ್ ಹೆಂಡ್ತಿ ಬರೋ ಹೊತ್ತಾಯ್ತು. ಈ ನಾಡಿ ಎಡವೋದು ಅವಳೊಬ್ಬಳಿಗೇ.”

ಅವಳ ಬೆರಳಡಿ ನಾಡಿ ಎರಡು ಸಲ ಹೊಡೆದು ಎಡವಿತು. ಲೂದಿಂಗ್ ಕೈ ಬಿಟ್ಟಳು, ಮಾತ್ರೆ ಮತ್ತು ನೀರು ತರಲು ಒಳಗೆ ಹೋದಳು.